ಬೆರಕೆ ಸೊಪ್ಪು

ಬೆರಳ ತುದಿ ಬೆಂದು ಬಿಳಿಚಿವೆ.
ರೇಷನ್ ಅಂಗಡಿಯ ಯಂತ್ರ
ಮೂರು ಸಲ ಹೆಬ್ಬೆಟ್ಟು ಒತ್ತಿಸಿಕೊಂಡು
ನೀನು ನೀನಲ್ಲ ಅನ್ನುತ್ತದೆ.
ಫೋನಿನ ಗಾಜೂ ಹಾಗೇ ಅಂದಿತ್ತು ಮೊದಮೊದಲು.
ಈಗ ಕಿರುಬೆರಳ ಗೆಣ್ಣಿನಲ್ಲಿ ಆಡುತ್ತೇನೆ.

ಶಿಡ್ಲಘಟ್ಟದಲ್ಲಿ ರಾತ್ರಿ ಹತ್ತೂವರೆ.
ಬಾಯ್ಲರ್ ತಣ್ಣಗಾಗಿದೆ,
ಕೂದಲಿನ ಹುಳದ ವಾಸನೆ ಎರಡು ಸೋಪಿಗೂ ಹೋಗಿಲ್ಲ.
ಗೋಡೆಯಾಚೆ ನೂರ್‌ಜಾನ್ ಬೀ ಕೆಮ್ಮುತ್ತಾಳೆ.
ಹಗಲೆಲ್ಲ ಎಳೆ, ರಾತ್ರಿ ಎಲೆ:
ಅಪ್ಪ ಇಸ್ಪೀಟು ಕಲೆಸುತ್ತ ಎಲೆ ಅನ್ನುತ್ತಿದ್ದ,
ಕಾರ್ಡು ಅನ್ನಲು ನನಗೆ ಬಾಯಿ ತಿರುಗುವುದಿಲ್ಲ.
ಮೂವತ್ತು ಎಲೆ ಆರಿಸಬೇಕು,
ಒಂದು ಕಟ್ಟು ಕಟ್ಟಬೇಕು.

ಅಕ್ಕನ ಮಗ ಮುನಿನಾರಾಯಣ ನಕ್ಕ:
"ಯಾಕ್ ಚಿಕ್ಕಮ್ಮಾ ತಲೆ ಕೆಡಿಸ್ಕೊಂತೀಯಾ,
ಈ ವಾರ ಗೆಲ್ಲೋ ಕಟ್ಟು ಇಲ್ಲೇ ಐತೆ,
ನಕಲು ಮಾಡ್ಕೊ, ಒಂದೇ ಒತ್ತು."
ನೋಡಿದೆ. ಬೆಂಕಿ ಉಗುಳುವವು ನಾಲ್ಕು, ಗುಡುಗಿನ ದೊರೆ ಇಬ್ಬರು.
ಎಲ್ಲರ ಕೈಯಲ್ಲೂ ಅದೇ ಬೆಂಕಿ, ಅದೇ ಗುಡುಗು.
ಛತ್ರದ ಸಾರಿನ ಹಾಗೆ:
ರುಚಿ ಇದೆ,
ಯಾರು ಕಲೆಸಿದ್ದೋ ಗೊತ್ತಾಗುವುದಿಲ್ಲ.

ನಾನು ಕೆರೆಯಂಗಳದಲ್ಲಿ ಸೊಪ್ಪು ಬಿಡಿಸಿ ಬೆಳೆದವಳು.
ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿ,
ಯಾರೂ ಬಿತ್ತದೆ ಬಂದವು,
ಒಂಟಿಯಾಗಿ ಬೇಯಿಸಿದರೆ ಒಂದು ಸಪ್ಪೆ, ಒಂದು ಒಗರು.
ಸೆರಗಲ್ಲಿ ಕೂಡಿದ ಮೇಲೆ ನೋಡಬೇಕು.

ಆಟ ಅವಕ್ಕೆ ಇಂಗ್ಲಿಷ್ ಹೆಸರಿಟ್ಟಿದೆ. ನಾನಿಟ್ಟದ್ದು ಬೇರೆ.
ಕಂದೀಲು ಮುದುಕಿ: ಬಲ ಒಂದು,
ಸತ್ತರೆ ಇನ್ನೊಂದು ಎಲೆ ಕೊಟ್ಟು ಸಾಯುತ್ತಾಳೆ.
ಎಲ್ಲರೂ ಅವಳನ್ನು ಅರೆದು ಪುಡಿ ಮಾಡಿ
ಆ ಪುಡಿಯಲ್ಲಿ ದೊರೆಗಳನ್ನು ಕೊಳ್ಳುತ್ತಾರೆ.
ಉಪ್ಪಿನವನು. ಕುಂಟು ನಾಯಿ. ಬೀಗ ಮರೆತ ಕಾವಲುಗಾರ.
ಆಮೇಲೆ ಬಾವಿಯ ಕಪ್ಪೆ:
ಸುಮ್ಮನೆ ಕೂತು ಸತ್ತವರನ್ನು ಎಣಿಸುತ್ತದೆ,
ಎಷ್ಟು ಜನ ಸತ್ತರೋ ಅಷ್ಟು ಊದಿಕೊಳ್ಳುತ್ತದೆ.
(ನಮ್ಮ ಬೇಸಿನ್ನಿನ ಪಕ್ಕ ಅಂಥದೊಂದು ಕೂತಿದ್ದರೆ
ಈ ಓಣಿಯಲ್ಲಿ ಹಿಡಿಸುತ್ತಿರಲಿಲ್ಲ.)

ಹದಿನೇಳು ಆಟ ಸೋತೆ.
ಒಂದೆಲೆ ತೆಗೆ, ಒಂದೆಲೆ ಇಡು.
ಉಪ್ಪು ಜಾಸ್ತಿ. ನಾಯಿ ಮೂರು ಬೇಡ, ಎರಡು ಸಾಕು.
ಗೂಡು ಬೇಯುವಾಗಲೂ ಅದೇ ಲೆಕ್ಕ;
ಎಳೆ ಎರಡು ಸಲ ಹರಿದು ಬೈಸಿಕೊಂಡೆ.

ಹದಿನೆಂಟನೆಯದು: ಎದುರಾಳಿಗೆ ಬೆಂಕಿಯೇ ಬೆಂಕಿ.
ಮುದುಕಿಯರನ್ನು ಸುಟ್ಟ, ನಾಯಿಯನ್ನು ಸುಟ್ಟ,
ಸುಡುತ್ತ ಸುಡುತ್ತ ನನ್ನ ಕಪ್ಪೆಯನ್ನು ಅವನೇ ಸಾಕಿದ.
ಕೊನೆಯ ಹೊಡೆತಕ್ಕೂ ನಿಲ್ಲದೆ ಎದ್ದು ಹೋದ.
ನಾನು ನಕ್ಕ ಜೋರಿಗೆ ಗೋಡೆಯಾಚೆ ಕೆಮ್ಮು ನಿಂತಿತು.
"ಏನಾಯ್ತೇ?"
"ಏನಿಲ್ಲ ಬೀ, ಕಪ್ಪೆ."

ಕಟ್ಟಿಗೆ ಬೆರಕೆ ಸೊಪ್ಪು ಅಂತ ಹೆಸರಿಟ್ಟೆ.

ತಿಂಗಳಾಗಿರಬೇಕು. ಗುರುವಾರ.
ಯಾರೋ, ಎಲ್ಲಿಯವನೋ,
ಮೊದಲ ಸರದಿಗೇ ಕಂದೀಲು ಮುದುಕಿಯನ್ನು ಇಳಿಸಿದ.
ಆಮೇಲೆ ಉಪ್ಪಿನವನು.
ನಾಯಿ ಎರಡು, ಮೂರಲ್ಲ.
ನನ್ನ ಸೆರಗು ಯಾರದೋ ಹೆಗಲ ಮೇಲೆ ಕಂಡ ಹಾಗೆ
ಕಿವಿ ಬಿಸಿಯಾಯಿತು.
ಸಿಟ್ಟು ಅನ್ನಲೂ ಬಾರದು.
ಛತ್ರದ ಸಾರಾಯಿತೇ ನನ್ನದೂ?

ಅವನು ನನ್ನಿಂದಲೇ ನನ್ನನ್ನು ಸೋಲಿಸಿದ.
ಇಪ್ಪತ್ತೊಂಬತ್ತು ಎಲೆ ನನ್ನವೇ.
ಮೂವತ್ತನೆಯದು ಮಾತ್ರ ಮುರುಕು ಸೇತುವೆ:
ಸತ್ತವರು ದಾಟಿ ಬರುತ್ತಾರೆ, ಇನ್ನೊಮ್ಮೆ ಸಾಯುತ್ತಾರೆ,
ಕಪ್ಪೆ ಎರಡು ಸಲ ಎಣಿಸುತ್ತದೆ.
ಇಷ್ಟು ದಿನ ಕಣ್ಣೆದುರೇ ಇತ್ತು.
ಆ ಜಾಗದಲ್ಲಿ ನಾನು ನವಿಲನ್ನು ಇಟ್ಟಿದ್ದೆ.
ನವಿಲು ಏನೂ ಮಾಡುವುದಿಲ್ಲ.
ಬಣ್ಣಕ್ಕೆ ಇಟ್ಟದ್ದು:
ಹನ್ನೊಂದು ವರ್ಷ ರೇಷ್ಮೆ ಬಿಚ್ಚಿದ್ದೇನೆ,
ಬಣ್ಣ ಏರುವ ಹೊತ್ತಿಗೆ ಅದು ನನ್ನ ಕೈಯಲ್ಲಿರುವುದಿಲ್ಲ.

ಪುಡಿ ಎಣಿಸಿದೆ. ಸೇತುವೆಗೆ ಸಾಕಾಗುವಷ್ಟಿತ್ತು. ಕೊಂಡೆ.
ಮೂವತ್ತೊಂದು, ಒಂದನ್ನು ತೆಗೆಯಿರಿ ಅಂದಿತು ಪರದೆ.
ನವಿಲನ್ನು ಎಳೆದೆ.
ಬೆರಳು ಹಿಡಿಯಲಿಲ್ಲ.

ಇನ್ನೊಮ್ಮೆ ಎಳೆಯಲಿಲ್ಲ.